ಒಸ್ಮಿನ್ ಬಿದ್ದ ಭಾನುವಾರ

ಹಾಡಿನ ಕೊನೆಯ ಸ್ವರ ಮೇಲೇರಿದಂತೆಲ್ಲ, ಚರ್ಚಿನಲ್ಲಿ ಹಾಡಲು ನಿಂತಿದ್ದ ದರ್ಜಿ ಒಸ್ಮಿನ್ ಹಿಂದಕ್ಕೆ ಬಾಗುತ್ತಿದ್ದ. ಅವನ ಬೆನ್ನ ಹಿಂದೆಯೇ ದೀಕ್ಷಾಸ್ನಾನದ ತೊಟ್ಟಿ. ಅದರ ಮೇಲಿನ ಹಲಗೆಗಳನ್ನು ಅಂದು ಬೆಳಗ್ಗೆ ತಾನೇ ತೆಗೆದಿದ್ದರು. ಸ್ವರ ಮುಗಿಲು ಮುಟ್ಟಿತು. ಒಸ್ಮಿನ್ ತಳ ಮುಟ್ಟಿದ.

ಇಡೀ ಚರ್ಚು ಬಿದ್ದು ಬಿದ್ದು ನಕ್ಕಿತು. ಅವನ ಎಡಗಾಲಿನ ಶೂ ಬಾತುಕೋಳಿಯಂತೆ ತೇಲಿಬಂದಾಗಲಂತೂ ಡೋಲು ಬಾರಿಸುವವನು ಡೋಲಿನ ಮೇಲೇ ಒರಗಿಬಿಟ್ಟ.

ಪಾಸ್ಟರ್ ಅಬ್ದಿಯೆಲ್ ಕರವಸ್ತ್ರದಿಂದ ಕಣ್ಣೊರೆಸಿಕೊಂಡು ಮೇಜು ಗುದ್ದಿದರು. "ಬಿದ್ದವನನ್ನ ನೋಡಿ ನಗೋದಾ? ನಾಚಿಕೆ ಆಗ್ಬೇಕು! ನಕ್ಕವರೆಲ್ಲ ಹೊತ್ತು ಮುಳುಗೋದ್ರೊಳಗೆ ಅವನ ಮನೆಗೆ ಹೋಗಿ ಕ್ಷಮೆ ಕೇಳ್ಬೇಕು. ಒಸ್ಮಿನ್, ನೀನು ಒಬ್ಬರನ್ನೂ ಬಿಡದೆ ಕ್ಷಮಿಸ್ಬೇಕು!"

ಒಸ್ಮಿನ್‌ಗೆ ಸೊಂಟದ ನೋವಿಗಿಂತ ಬೇರೆಯದೇ ಸಂಕಟ. ಮಕ್ಕಳಿಗೆ ಬೈಬಲ್ ಪಾಠ ಹೇಳುವ ಮೇಲಿದಾ ಮೆಚ್ಚಲಿ ಎಂದು ಆ ಸ್ವರವನ್ನು ಆರು ವಾರ ಅಭ್ಯಾಸ ಮಾಡಿದ್ದ. ಕಣ್ಣಿಗೆ ನೀರು ಹೊಕ್ಕು ಅವಳ ಮುಖವೂ ಕಾಣಲಿಲ್ಲ.

ಒಣ ಅಂಗಿ ತೊಡುವಷ್ಟರಲ್ಲಿ ಪಕ್ಕದ ಮನೆಯ ನಿನ್ಫಾ, ಕೆಂಪು ಕಾಳು ಮೆತ್ತಿದ 'ಬಾಲೆಯಾದಾ' ಎಂಬ ರೊಟ್ಟಿಯೊಂದಿಗೆ ಹಾಜರು. "ತಪ್ಪಾಯ್ತು ಕಣೋ ತಮ್ಮಾ. ನೀನು ಹಿಂಗೆ ಕೈ ಎತ್ತಿ, ಬಾಯಿ ತೆಗೆದು, ಹಂಗೇ..." ಎಂದವಳು ನಗು ತಡೆಯಲಾರದೆ ಬಾಗಿಲಿಗೆ ಜೋತುಬಿದ್ದಳು.

"ಕ್ಷಮಿಸಿದೆ ಅಕ್ಕಾ."

"ತಡಿಯೋ, ಈಗ ನಕ್ಕಿದ್ದಕ್ಕೂ ಸೇರಿಸಿ ಕ್ಷಮಿಸ್ಬಿಡು!"

ಹೀಗೆ ಶುರುವಾದದ್ದು ಮಧ್ಯಾಹ್ನದ ಹೊತ್ತಿಗೆ ಬೀದಿಯುದ್ದದ ಸಾಲಾಯಿತು. ಕ್ಷಮೆ ಕೇಳಲು ಬಂದವರು ಅವನು ಬಿದ್ದ ಬಗೆಯನ್ನು ಅಭಿನಯಿಸುವುದು, ನಗುವುದು, ಮತ್ತೆ ಸಾಲಿನ ತುದಿಗೆ ಹೋಗಿ ನಿಲ್ಲುವುದು. ಮೊದಲು ಮೇಲೆದ್ದದ್ದು ಎಡಗಾಲೋ ಬಲಗಾಲೋ ಎಂದು ಡೋಲಿನವನಿಗೂ ಗಿಟಾರಿನವನಿಗೂ ಜಗಳವೇ ಆಯಿತು. "ಅಣ್ಣಾ, ನೀನೇ ಒಂದ್ಸಲ ಮಾಡಿ ತೋರ್ಸು," ಎಂದು ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಎಳೆದೊಯ್ದರು. ಒಸ್ಮಿನ್‌ನ ಎರಡನೆಯ ಅಂಗಿಯೂ ನೆನೆಯಿತು.

ಸಂಜೆಯಾಗುತ್ತಿದ್ದಂತೆ ಪಾಸ್ಟರ್ ಬಂದು ಬಾಗಿಲು ಹಾಕಿಕೊಂಡರು. "ಒಸ್ಮಿನ್, ಯಾರಿಗೂ ಹೇಳ್ಬೇಡಪ್ಪ. ಅವತ್ತಿನ ನನ್ನ ಕಣ್ಣೀರು ದುಃಖದ್ದಲ್ಲ."

"ಅವತ್ತಿಂದಲ್ಲ ಪಾಸ್ಟರ್, ಇವತ್ತಿಂದು!"

"ನನಗ್ಯಾಕೋ ವರ್ಷಗಟ್ಟಲೆ ನಗು ಹಿಡಿದಿಟ್ಟ ಹಾಗಾಗಿದೆ," ಎಂದವರು ಅವನ ಹಾಸಿಗೆಯ ಮೇಲೇ ಉರುಳಿದರು.

ಅವರನ್ನೂ ಕ್ಷಮಿಸಿ ಕಳಿಸಿದ ಮೇಲೆ ಒಸ್ಮಿನ್‌ಗೆ ತಟ್ಟನೆ ಹೊಳೆಯಿತು: ಊರಿಗೆ ಊರೇ ಬಂತು, ಮೇಲಿದಾ ಮಾತ್ರ ಬರಲಿಲ್ಲ! ಅಂದರೆ ಅವಳೊಬ್ಬಳೇ ನಗಲಿಲ್ಲ! ಅವನ ಎದೆ ಡೋಲಾಯಿತು. ಹವಾಯಿ ಚಪ್ಪಲಿಯಲ್ಲೇ ಅವಳ ಮನೆಗೆ ಓಡಿದ.

ಬಾಗಿಲು ತೆರೆದ ಮೇಲಿದಾಳ ಒಂದು ಕೆನ್ನೆ ಊದಿತ್ತು.

"ಮೇಲಿದಾ, ನೀವೊಬ್ರೇ ನಗ್ಲಿಲ್ಲ! ಈ ಉಪಕಾರ ನಾನು ಸಾಯೋವರೆಗೂ ಮರೆಯಲ್ಲ!"

"ಯಾವುದಕ್ಕೆ ನಗ್ಬೇಕಿತ್ತು? ಹಲ್ಲುನೋವು ಕಣ್ರೀ, ಇವತ್ತು ಚರ್ಚಿಗೇ ಬರ್ಲಿಲ್ಲ. ಏನಾಯ್ತು?"

ಸುಳ್ಳು ಹೇಳುವುದೂ ಪಾಪವೇ. ಒಸ್ಮಿನ್ ಎಲ್ಲವನ್ನೂ ಹೇಳಿದ. ತೊಟ್ಟಿ ಬಂತು, ಶೂ ತೇಲಿತು. ಮೇಲಿದಾ ಕೆನ್ನೆ ಹಿಡಿದುಕೊಂಡು, "ಅಯ್ಯೋ ಅಮ್ಮಾ, ನೋವು, ನೋವು!" ಎನ್ನುತ್ತ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಕೊನೆಗೆ ಉಸಿರು ಸಿಕ್ಕಿದ ಮೇಲೆ, "ತಪ್ಪಾಯ್ತು, ಕ್ಷಮಿಸ್ತೀರಾ?" ಎಂದಳು.

"ಕ್ಷಮಿಸಿದೆ," ಎಂದ ಒಸ್ಮಿನ್, ಆ ದಿನ ಮೊದಲ ಬಾರಿಗೆ ಮನಸಾರೆ.

"ನಿಮ್ಮಷ್ಟು ಒಳ್ಳೆಯವರನ್ನ ನಾನು ನೋಡೇ ಇಲ್ಲ. ಇಲ್ಲೇ ಇರಿ," ಎಂದು ಅವಳು ಒಳಕ್ಕೆ ತಿರುಗಿ ಕೂಗಿದಳು: "ಅಮ್ಮಾ, ಚಿಕ್ಕಮ್ಮಾ, ಎಲ್ರೂ ಬೇಗ ಬನ್ನಿ! ಒಸ್ಮಿನ್ ಇನ್ನೊಂದ್ಸಲ ಬೀಳ್ತಾರಂತೆ!"