ನಾಸಿಕದ ಶಾಲೆಯ ಮಳೆ

ನಮ್ಮ ಮಗಳ ಶಾಲೆಯವರು ಅವಳು ಮಾಡಿದ ಮಳೆಮಾಪಕವನ್ನು ಕಸದ ಬುಟ್ಟಿಗೆ ಎಸೆದರು. ಇದು ತಪ್ಪು. ಮೆತ್ತಗೆ ಹೇಳುವ ಮಾತಲ್ಲ. ಮಕ್ಕಳು ಗಾಳಿ, ಮಳೆ ಕಲಿಯಲು ಹೊರಟಲ್ಲೆಲ್ಲ ದೊಡ್ಡವರು ಏನಾದರೊಂದು ಎಡವಟ್ಟು ಮಾಡುತ್ತಲೇ ಇರುತ್ತಾರೆ. ನಾನು ಬೀದರ್ ಕಡೆಯವನು, ಮರಾಠಿ ಸೀಮೆಯ ವಾಳೂಜಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ, ಹತ್ತನೆಯ ತರಗತಿಗೆ ಶಾಲೆ ಬಿಟ್ಟವನು. ಹವಾಮಾನ ಕಲಿತದ್ದು ಮಗಳ ನಾಲ್ಕನೆಯ ತರಗತಿಯ ಪುಸ್ತಕದಿಂದ.

ಪಾಠ

ನೀರಿನ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ಬೋರಲು ಕೂರಿಸಿ, ಹೊರಗೆ ಅಳತೆಪಟ್ಟಿ ಅಂಟಿಸಿ ಅಪ್ಪ ಮಗಳು ಮಾಪಕ ಮಾಡಿದೆವು. ಅವಳು ಶಾಲೆಯ ಅಂಗಳದಲ್ಲಿಟ್ಟಳು. ಮರುದಿನ ಅದು ಕಸದಲ್ಲಿತ್ತು. ನಾನು ಮುಖ್ಯೋಪಾಧ್ಯಾಯಿನಿಯ ಎದುರು ನಿಂತೆ.

"ಭಾವೂ, ಶಾಲೆಯಲ್ಲಿ ಪ್ಲಾಸ್ಟಿಕ್ ನಡೆಯೋದಿಲ್ಲ," ಎಂದರು ಮರಾಠಿಯಲ್ಲಿ.

"ನಿಮ್ಮ ಹಿಂದೆ ತೂಗುಹಾಕಿದ ಮೋಡದ ಚಿತ್ರ ಯಾವುದರದು, ಮೇಡಂ?"

ಅವರು ತಿರುಗಿ ನೋಡಿದರು, ಉಗುರಿನಿಂದ ಕೆರೆದೂ ನೋಡಿದರು. "ಅದು ಪ್ಲಾಸ್ಟಿಕ್ ಅಲ್ಲ," ಎಂದರು, "ಪಾಠ."

ಹಾರ

ಅದೇ ವಾರ ನಾಸಿಕದಿಂದ ಹೆಂಡತಿಯ ಅಕ್ಕನ ಗಂಡ ಫೋನ್ ಮಾಡಿದರು. ಬ್ಯಾಂಕಿನಲ್ಲಿ ಅಧಿಕಾರಿ, ಧಾರವಾಡದಿಂದ ವರ್ಗವಾಗಿ ಬಂದವರು. "ನಮ್ಮ ಹುಡುಗನ ಸಾಲ್ಯಾಗ ಈ ವರ್ಷ ಪೂರಾ ಹವಾಮಾನ ಕೇಂದ್ರನ ಹಾಕ್ಯಾರ್ರೀ!" ಉಣ್ಣುತ್ತಿದ್ದ ತಟ್ಟೆಯಲ್ಲಿ ಎರಡು ರೊಟ್ಟಿ ಬಿಟ್ಟು ಎದ್ದೆ. ಹೊಟ್ಟೆಕಿಚ್ಚೇ ಅದು, ಬೇರೆ ಹೆಸರು ಬೇಡ.

ದಸರೆ ಮುಗಿದ ಶನಿವಾರ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ ಹೋದೆ. ಬ್ಯಾಂಕಿನ ಅಣ್ಣಾರೇ ನಮ್ಮನ್ನು ಆ ಶಾಲೆಯ ಅಂಗಳಕ್ಕೆ ಕರೆತಂದರು. ಹೊಳೆಯುವ ಕಂಬ, ಸುತ್ತ ಕಬ್ಬಿಣದ ಜಾಲರಿ, ಬೀಗ. ಖಂಡೇನವಮಿಗೆ ಆಯುಧಪೂಜೆ ಮಾಡಿ, ಗಾಳಿಗೆ ತಿರುಗಬೇಕಾದ ಬಟ್ಟಲುಗಳನ್ನು ಚೆಂಡು ಹೂವಿನ ಹಾರದಿಂದ ಕಂಬಕ್ಕೇ ಬಿಗಿದಿದ್ದರು. ಅವರ ಹುಡುಗ ಒಂದು ಕೈಯಲ್ಲಿ ಟೊಪ್ಪಿಗೆ ಒತ್ತಿಹಿಡಿದು, ಇನ್ನೊಂದರಲ್ಲಿ ಬರೆಯುತ್ತಿದ್ದ: ಗಾಳಿ, ಶೂನ್ಯ.

"ಹಾರ ತೆಗೀರಿ," ಎಂದೆ ಶಾಲೆಯ ಶಿಪಾಯಿಗೆ.

"ಪೂಜೆಯ ಹಾರ, ಕೈ ಹಚ್ಚೋ ಹಾಗಿಲ್ಲ. ಗಾಳಿ ಬಂದರೆ ತಾನೇ ಬೀಳುತ್ತೆ."

"ಈಗ ಬೀಸ್ತಾ ಇರೋದು?"

"ಯಂತ್ರ ಶೂನ್ಯ ಅನ್ನುತ್ತೆ, ಸಾಹೇಬ್."

ನನಗೆ ಸಂತೋಷವಾಯಿತು. ವಾರದ ನಂತರ ಮೊದಲ ಬಾರಿ ಹಸಿವೂ ಆಯಿತು.

ಮಳೆ

ಜಾಲರಿಯ ಒಳಗೆ ಮಳೆಮಾಪಕವೂ ಇತ್ತು, ಮೇಲೆ ತಗಡಿನ ಛಾವಣಿಯೂ ಇತ್ತು.

"ಇದೇಕೆ?" ಎಂದು ಅಲ್ಲಿಗೆ ಬಂದ ಪ್ರಿನ್ಸಿಪಾಲರನ್ನು ಕೇಳಿದೆ.

"ಎಷ್ಟು ಬೆಲೆಬಾಳೋ ವಸ್ತು! ಮಳೇಲಿ ನೆನೆದರೆ ಹಾಳಾಗೋದಿಲ್ಲವಾ?"

ದಾಖಲೆ ಪುಸ್ತಕ ತೆರೆದೆ. ಜೂನ್ ಶೂನ್ಯ, ಜುಲೈ ಶೂನ್ಯ, ಆಗಸ್ಟ್ ಶೂನ್ಯ. ಗೋದಾವರಿ ಉಕ್ಕಿ ಘಾಟಿನ ಮೆಟ್ಟಿಲು ಹತ್ತಿದ ತಿಂಗಳಲ್ಲೂ ಶೂನ್ಯ. ಇಡೀ ವರ್ಷಕ್ಕೆ ಮಳೆ ಬಿದ್ದದ್ದು ಒಂದೇ ದಿನ, ನಾಲ್ಕು ಮಿಲಿಮೀಟರ್.

"ಅದು ಉದ್ಘಾಟನೆಯ ದಿನ," ಎಂದು ಪ್ರಿನ್ಸಿಪಾಲರು ಬೀಗಿದರು. "ಶುಭ ಲಕ್ಷಣ!"

ಹುಡುಗ ನನ್ನ ಮಗಳ ಕಿವಿಯಲ್ಲಿ ಮರಾಠಿಯಲ್ಲಿ ಉಸುರಿದ. ಅವಳು ಜೋರಾಗಿ ಕನ್ನಡ ಮಾಡಿದಳು: "ಅಪ್ಪಾ, ಅವತ್ತು ಮಳಿ ಬಂದೇ ಇಲ್ಲಂತ. ದೊಡ್ಡ ಸಾಹೇಬ್ರು ಅದರ ಮ್ಯಾಲೇ ತೆಂಗಿನಕಾಯಿ ಒಡದ್ರಂತ!"

ನಾನು ಜಾಲರಿ ಹಿಡಿದು ನಕ್ಕೆ. ಬ್ಯಾಂಕಿನ ಅಣ್ಣಾರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ.

"ನಂದು ನಾನೇ ಕೈಯಾರೆ ಮಾಡಿದ್ದೆ. ನೀ ಇದನ್ನ ಎಷ್ಟು ಸಲ ಮುಟ್ಟೀದಿ?" ಎಂದು ಮಗಳು ಕೇಳಿದಳು.

ಅವನು ತಲೆಯಾಡಿಸಿದ, ಒಮ್ಮೆಯೂ ಇಲ್ಲ. ಆಮೇಲೆ ಅವಳನ್ನು ನೋಡಿದ. ಆ ನೋಟ ನನಗೆ ಚೆನ್ನಾಗಿ ಗೊತ್ತು. ವಾರವಿಡೀ ಕನ್ನಡಿಯಲ್ಲಿ ಕಂಡದ್ದು ಅದೇ. ನನ್ನ ನಗು ಅಲ್ಲೇ ನಿಂತಿತು.

ಓದುತ್ತಿರುವವರೇ, ನಿಮಗೇ ಹೇಳುತ್ತಿದ್ದೇನೆ. ನಾಳೆ ನಿಮ್ಮ ಮಗುವಿನ ಶಾಲೆಗೆ ಹೋಗಿರಿ. ಬೀಗದ ಕೈ ಮಕ್ಕಳ ಕೈಗೆ ಕೊಡಿ ಎಂದು ಕೇಳಿರಿ. ಕೊಡುವ ತನಕ ಪ್ರಿನ್ಸಿಪಾಲರ ಎದುರಿನ ಕುರ್ಚಿಯಿಂದ ಏಳಬೇಡಿರಿ.