ಟಾಕಿಯ ತುರ್ತು ಅರ್ಜಿ

ಒಂದು ಒಗಟು ಕೇಳ್ತೀನಿ, ಬಿಡಿಸ್ರಿ. ನಲವತ್ತೊಂದು ಸಲ ಕೂಗಿದರೂ ಒಬ್ಬರಿಗೂ ಕೇಳಲಿಲ್ಲ. ಕೂಗಿದ್ದಕ್ಕೆ ಬೈಗುಳ ಬಿತ್ತು, ಅದೂ ಇನ್ನೊಬ್ಬನಿಗೆ. ಯಾವುದು? ನಿಮಗೆ ಬರಂಗಿಲ್ಲ. ಹತ್ತನೇ ಇಯತ್ತೆಯ ಗಣಿತ ಎರಡು ಸಲ ಬರೆದು ಎರಡೂ ಸಲ ಬಿದ್ದ ನನಗೇ ಬರಲಿಲ್ಲ, ನಿಮಗೆಲ್ಲಿಂದ ಬರಬೇಕು?

ಸಂಗತಿ ಈ ಕೆಳಗಿನಂತಿದೆ. ತಿರ್ಲಾಪುರದ ಬಾಜೂಕಿನ ನಮ್ಮೂರಿನಲ್ಲಿ ಸ್ಮಾರ್ಟ್ ಮನಿ ಇರುವುದು ಒಂದೇ. ಅದು ಗ್ರಾಮ ಪಂಚಾಯ್ತಿಯ ಅಧ್ಯಕ್ಷೆಯೂ ನನ್ನ ದೊಡ್ಡವ್ವನೂ ಆದ ಶಿವಗಂಗವ್ವನವರದು. ಅದನ್ನು ಸ್ಮಾರ್ಟ್ ಮಾಡಿದವನು ನಾನು. ಹುಬ್ಬಳ್ಳಿಯಿಂದ ಒಂದು ಡಬ್ಬಿ ತಂದು ಮಾಳಿಗಿ ಮೇಲಿನ ನೀರಿನ ಟಾಕಿಗೆ ಕೂಡಿಸಿದೆ. ಟಾಕಿ ತುಂಬಿದರೆ ಡಬ್ಬಿ ದೊಡ್ಡವ್ವನ ಮೊಬೈಲಿಗೆ ಸುದ್ದಿ ಕಳಿಸುತ್ತದೆ. ಆಕೆ ಕುಂತಲ್ಲೇ ಬೆರಳು ಒತ್ತಿದರೆ ಮೋಟಾರು ಬಂದ್.

ಅದೇ ಮಾಳಿಗಿ ಮೇಲೆ ಮೂರು ಚೀಲ ಬ್ಯಾಡಗಿ ಮೆಣಸಿನಕಾಯಿ ಒಣಗಲು ಹಾಕಿತ್ತು. ದೊಡ್ಡವ್ವನ ಮಗಳು ದಾನೇಶ್ವರಿಯ ಲಗ್ನಕ್ಕೆ ಇಪ್ಪತ್ತು ದಿನ ಉಳಿದಿತ್ತು, ಅಷ್ಟೂ ಅಡಗಿಗೆ ಆ ಖಾರವೇ ಆಗಬೇಕು. ತೊಯ್ದರೆ ಬೂಸರು ಹಿಡಿಯುತ್ತದೆ. ಬೂಸರು ಹಿಡಿದ ಖಾರ ಹಾಕಿ ಬೀಗರಿಗೆ ಬಡಿಸಿದವರು ನಮ್ಮ ಕಡೆ ಯಾರೂ ಇಲ್ಲ.

ಊರಿಗೆ ನೀರು ಬಿಡುವುದು ಗುರುವಾರ. ಪಂಚಾಯ್ತಿ ಸಭೆಯೂ ಗುರುವಾರ. ಸಭೆಯಲ್ಲಿ ಎಲ್ಲ ಮೊಬೈಲುಗಳು ಮೌನ ಪಾಲಿಸತಕ್ಕದ್ದೆಂದು ಆದೇಶವಿದೆ, ಹೊರಡಿಸಿದವರು ದೊಡ್ಡವ್ವನೇ. ಆ ಗುರುವಾರ ಟಾಕಿ ತುಂಬಿ ಹರಿಯಿತು. ಡಬ್ಬಿ ನಲವತ್ತೊಂದು ಸಲ ಸುದ್ದಿ ಕಳಿಸಿತು. ಮೊಬೈಲು ಆದೇಶ ಪಾಲಿಸಿತು. ಆದರೆ ಅದೇ ಸಭೆಯ ನಡುವೆ ಅದೇ ಮೊಬೈಲು ಠಣಠಣ ಬಾರಿಸಿತು, ದೊಡ್ಡವ್ವ ಎತ್ತಿದ ಕೂಡಲೇ ಬಾಜೂ ಮನಿ ಸಣ್ಣವ್ವನ ದನಿ ಸಭಾಂಗಣಕ್ಕೆಲ್ಲ ಕೇಳಿಸಿತು: "ಅಕ್ಕಾರ, ಹಿಟ್ಟಿನ ಗಿರಣಿ ಚಾಲೂ ಐತೇನ್ರಿ?"

ಮನಿಗೆ ಬಂದು ನೋಡಿದರೆ ಒಂದು ಚೀಲ ಮೆಣಸಿನಕಾಯಿ ಈಜಾಡುತ್ತಿತ್ತು.

"ಲೇ ಗೌರ್ಯಾ, ಗಿರಣಿ ಸುದ್ದಿ ನನಗ ಮುಟ್ಟತೈತಿ, ನನ್ನ ಮನಿ ಟಾಕಿ ಸುದ್ದಿ ಯಾಕ ಮುಟ್ಟಂಗಿಲ್ಲೋ?"

"ತಾಂತ್ರಿಕ ಕಾರಣ, ದೊಡ್ಡವ್ವಾ."

"ಹಂಗಂದ್ರ?"

"ಹಂಗಂದ್ರ ನನಗೂ ಗೊತ್ತಿಲ್ಲ."

ವಿಚಾರಣೆಗೆ ಒಬ್ಬ ಸದಸ್ಯನ ಸಮಿತಿ ನೇಮಕವಾಯಿತು. ಊರಲ್ಲಿ ಬೇರೆ ತಜ್ಞರಿಲ್ಲದ ಕಾರಣ ಆ ಸದಸ್ಯ ನಾನೇ. ತಪ್ಪು ಯಾರದೂ ಅಲ್ಲವೆಂದು ಅರ್ಧ ತಾಸಿನಲ್ಲಿ ವರದಿ ಕೊಟ್ಟೆ. ಡಬ್ಬಿ ಕೂಡಿಸುವಾಗ ಮೊಬೈಲು, "ಮೌನದಲ್ಲಿದ್ದಾಗಲೂ ಇದರ ತುರ್ತು ಸುದ್ದಿ ಕೇಳಿಸಲೇ?" ಅಂತ ಕೇಳಿತ್ತು, ಮೊಬೈಲು ಏನು ಕೇಳಿದರೂ 'ಬೇಡ' ಒತ್ತುವುದು ನನ್ನ ಪದ್ಧತಿ. ಈ ಅಂಶವನ್ನು ವರದಿಯಲ್ಲಿ ಸೇರಿಸಲು ಜಾಗ ಸಾಲಲಿಲ್ಲ.

ಸೇರಿಸಿದ್ದು ಇಷ್ಟು. ಮೌನದಲ್ಲಿರುವ ಮೊಬೈಲಿಗೆ ಒಂದು ಕರುಣೆ ಇರುತ್ತದೆ. ಒಂದೇ ನಂಬರಿನಿಂದ ಕಾಲು ತಾಸಿನೊಳಗೆ ಎರಡನೇ ಸಲ ಫೋನು ಬಂದರೆ, ಪಾಪ, ಏನೋ ತುರ್ತು ಇರಬೇಕೆಂದು ಬಾರಿಸುತ್ತದೆ. ನಮ್ಮೂರಲ್ಲಿ ಒಂದೇ ಸಲ ಫೋನು ಮಾಡುವವರು ಯಾರು? ಮೊದಲನೇದು ಮಿಸ್ ಕಾಲ್, ಬಾಗಿಲ ಮುಂದೆ ನಿಂತು ಕೆಮ್ಮಿದಂತೆ. ಎರಡನೇದು ಮಾತು. ಹೀಗಾಗಿ ಮೊಬೈಲಿನ ಲೆಕ್ಕದಲ್ಲಿ ಊರಿಗೆ ಊರೇ ಬೆಳಗಿನಿಂದ ಸಂಜೆಯವರೆಗೆ ತುರ್ತಿನಲ್ಲಿದೆ. ಡಬ್ಬಿ ಮಾತ್ರ ಫೋನು ಮಾಡುವುದಿಲ್ಲ, ಮರ್ಯಾದಸ್ಥರ ಹಾಗೆ ಚೀಟಿ ಕಳಿಸುತ್ತದೆ.

ಪಂಚಾಯ್ತಿ ಅಧಿಕಾರಿ ಹೊಳೆಪ್ಪನವರು ವರದಿ ಓದಿ ಗಂಭೀರರಾದರು. ಇನ್ನು ಮುಂದೆ ಅಧ್ಯಕ್ಷರ ಮೊಬೈಲಿನಲ್ಲಿ ತುರ್ತು ಆಗಬಯಸುವವರು ನಿಗದಿತ ನಮೂನೆಯಲ್ಲಿ, ರೇಶನ್ ಕಾರ್ಡಿನ ಪ್ರತಿಯೊಂದಿಗೆ, ಅರ್ಜಿ ಸಲ್ಲಿಸಬೇಕೆಂದು ಠರಾವು ಆಯಿತು. ಮೂರು ದಿನದಲ್ಲಿ ನಾನೂರ ಹದಿಮೂರು ಅರ್ಜಿ ಬಂದವು. ಚುನಾವಣೆ ಹತ್ತಿರವಿದ್ದುದರಿಂದ ಎಲ್ಲರನ್ನೂ ತುರ್ತು ಎಂದು ಮಂಜೂರು ಮಾಡಲಾಯಿತು. ಟಾಕಿಯ ಪರವಾಗಿ ನಾನು ಕೊಟ್ಟ ಒಂದು ಅರ್ಜಿ ಮಾತ್ರ ಬಾಕಿ ಉಳಿಯಿತು.

"ಟಾಕಿ ಹೆಸರಿಲೆ ರೇಶನ್ ಕಾರ್ಡ್ ಇಲ್ಲಲ್ರಿ," ಅಂದರು ಹೊಳೆಪ್ಪನವರು.

"ಟಾಕಿ ಊಟಾ ಮಾಡಂಗಿಲ್ರಿ, ಸಾಹೇಬ್ರ," ಅಂದೆ.

"ಹಂಗಂತ ಬರಕೊಡು. ಹೆಬ್ಬಟ್ಟು ಅದರದ್ದ ಇರಬೇಕು."

ಸದಸ್ಯ ಬೀರಲಿಂಗಪ್ಪ ಹಿಂದಿನಿಂದ ಎದ್ದು ನಿಂತ. "ಅಲ್ರಿ, ಮೆಣಸಿನಕಾಯಿ ಬ್ಯಾರೆ ಮಾಳಿಗಿ ಮ್ಯಾಲ ಹಾಕಿದ್ರ ಮುಗೀತಲ್ಲ?"

"ಅದು ಇವತ್ತಿನ ವಿಷಯಪಟ್ಟಿಯೊಳಗ ಇಲ್ಲ. ಕುಂದರ್ರಿ," ಅಂದರು ಹೊಳೆಪ್ಪನವರು.

ಕುಂತ.

ಎರಡನೇ ಗುರುವಾರ ಮಂಜೂರಾದ ನಾನೂರ ಹನ್ನೆರಡು ಜನರೂ ಮಂಜೂರಾತಿ ಖರೇನೋ ಸುಳ್ಳೋ ಅಂತ ಫೋನು ಮಾಡಿ ನೋಡಿದರು. ಆ ಗದ್ದಲದಲ್ಲಿ ಟಾಕಿ ಮತ್ತೆ ತುಂಬಿತು, ಎರಡನೇ ಚೀಲವೂ ತೊಯ್ದಿತು. ದೊಡ್ಡವ್ವ ಉಳಿದ ಒಂದು ಚೀಲವನ್ನು ಮಗಳ ತಲಿ ಸವರಿದಂತೆ ಸವರಿ, "ಇದಕ್ಕೇನರ ಆತಂದ್ರ ನಿನ್ನ ಕುಟ್ಟಿ ಖಾರ ಮಾಡ್ತೀನಿ, ಮಗನ," ಅಂದಳು. ಮೊದಲ ಸಲ ನನಗೆ ಸಂಗತಿ ನಿಜವಾಗಿ ತುರ್ತು ಅನ್ನಿಸಿತು.

ಆಗ ಹೊಳೆಪ್ಪನವರಿಗೆ ದಾರಿ ಹೊಳೆಯಿತು. ಟಾಕಿಗೆ ಹೆಬ್ಬಟ್ಟಿಲ್ಲದಿದ್ದರೇನು, ಹೆಬ್ಬಟ್ಟಿರುವ ಪ್ರತಿನಿಧಿ ಇರಬಹುದಲ್ಲ? ನಮ್ಮ ಓಣಿಯ ಮುದಕಪ್ಪ ಕಾಕಾನನ್ನು ಟಾಕಿಯ ಪ್ರತಿನಿಧಿಯೆಂದು ನೇಮಿಸಿ, ಮಾಳಿಗಿ ಮೇಲೆ ಕೂಡಿಸಿ, ತುಂಬಿದ ಕೂಡಲೇ ಎರಡು ಸಲ ಫೋನು ಮಾಡತಕ್ಕದ್ದೆಂದು ಆದೇಶಿಸಿದರು. ಮೂರನೇ ಗುರುವಾರ ಟಾಕಿ ತುಂಬಿತು. ಕಾಕಾ ಫೋನು ಮಾಡಿದ. ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ. ಮತ್ತೆ ಮಾಡಿದ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ. ಕಾಕಾ ಮೊಬೈಲನ್ನು ಕಿಸೆಗೆ ಇಟ್ಟು, ಎದ್ದು ನಿಂತು, "ಟಾಕಿ ತುಂಬೇತ್ರೀ ಯವ್ವಾ!" ಅಂತ ಒದರಿದ. ಪಂಚಾಯ್ತಿ ಎದುರಿಗೇ ಇದೆ, ನಡುವೆ ಒಂದು ರಸ್ತೆ ಅಷ್ಟೆ. ದೊಡ್ಡವ್ವ ಕುಂತಲ್ಲೇ ಬೆರಳು ಒತ್ತಿದಳು. ಮೋಟಾರು ನಿಂತಿತು. ಸ್ಮಾರ್ಟ್ ವ್ಯವಸ್ಥೆ ಯಶಸ್ವಿಯಾಗಿದೆಯೆಂದು ಚಪ್ಪಾಳೆಯೊಂದಿಗೆ ದಾಖಲಿಸಲಾಯಿತು. ಅಣ್ಣಿಗೇರಿ ಕಡೆಯ ಎರಡು ಪಂಚಾಯ್ತಿಯವರು ಬಂದು ಕಾಕಾನನ್ನು ನೋಡಿ, ಎಲ್ಲಿ ಸಿಗುತ್ತದೆಂದು ವಿಚಾರಿಸಿ ಹೋದರು.

ಇಷ್ಟು ಛಲೋ ಮುಗಿದದ್ದು ನೋಡಿ ನಿಮಗೆ ಸಂಶಯ ಬಂದಿರಬೇಕು. ಬರಲಿ. ಕಾಕಾನ ಭಾಗ ನಾನು ಕಟ್ಟಿದ್ದು. ಆತ ಆದೇಶ ಕೇಳಿ, "ನನ್ನ ಮೊಣಕಾಲು ನಿಚ್ಚಣಿಕಿ ಏರಂಗಿಲ್ಲ, ಆ ಶಾಣ್ಯಾನ್ನ ಕೂಡಸ್ರಿ," ಅಂದಿದ್ದ. ಸಭೆ ಒಮ್ಮತದಿಂದ ಒಪ್ಪಿತು, ಮಾಳಿಗಿ ಏರಿದವನೂ ಒದರಿದವನೂ ನಾನೇ. ಅಣ್ಣಿಗೇರಿಯವರು ನೋಡಿ ಹೋದದ್ದು ನನ್ನನ್ನು. ಅದೂ ಸುಳ್ಳು, ಯಾರೂ ಬಂದಿಲ್ಲ. ಒಂದು ಚೀಲ ಉಳಿದದ್ದು ಮಾತ್ರ ಖರೆ. ಬೀಗರು, "ನಮಗ ಸಪ್ಪನ ಊಟಾನ ಸೇರತೈತಿ, ಚಿಂತಿ ಮಾಡಬ್ಯಾಡ್ರಿ," ಅಂದರಂತೆ ಎಂದು ದೊಡ್ಡವ್ವನಿಗೆ ಹೇಳಿದ್ದೇನೆ. ಆಕೆ ಕಣ್ಣೊರೆಸಿಕೊಂಡು ನಂಬಿದ್ದಾಳೆ. ಬೀಗರಿಗೆ ಇನ್ನೂ ಯಾರೂ ಏನೂ ಹೇಳಿಲ್ಲ.