ಆಗದ ಕುಸ್ತಿಯ ಸುದ್ದಿ

ಕನಕಪ್ಪ: ನಾ ಗೆದ್ದೇನಿ ಅಂತ ನಿಮಗ್ಯಾರ್ರೀ ಹೇಳಿದ್ರು?

(ಪೇಪರು ಮೇಜಿನ ಮೇಲೆ ಬಿದ್ದ ಜೋರಿಗೆ ಮಸಿಯ ದೌತಿ ಕುಣಿಯಿತು. ರೋಣದ ವಾರಪತ್ರಿಕೆ ‘ಡಂಗುರ’ದ ಕಚೇರಿ ಎಂದರೆ ಸಂಪಾದಕ ದತ್ತಾತ್ರೇಯ ಪಂತರ ಮನೆಯ ಪಡಸಾಲೆಯೇ. ಇಸವಿ ೧೯೫೩, ರವಿವಾರ ಮಧ್ಯಾಹ್ನ. ಎದುರಿಗೆ ನಿಂತವನು ಸವಡಿಯ ಪೈಲವಾನ ಕನಕಪ್ಪ. ಗೆದ್ದೆನೆಂದು ಪೇಪರಿನಲ್ಲಿ ಬಂದದ್ದಕ್ಕೆ ಜಗಳಕ್ಕೆ ಬಂದ ಮನುಷ್ಯನನ್ನು ಪಂತರು ಈ ಜನ್ಮದಲ್ಲಿ ಕಂಡಿರಲಿಲ್ಲ.)

ದತ್ತಾತ್ರೇಯ: ಫೋಟೋ ಹಾಕಲಿಲ್ಲ ಅಂತ ಸಿಟ್ಟೇನೋ ಕನಕಪ್ಪಾ? ಅದನ್ನ ಛಾಪಿಸಲಿಕ್ಕೆ ತಗಡಿನ ಬ್ಲಾಕ್ ಹುಬ್ಬಳ್ಳ್ಯಾಗ ಮಾಡಿಸಬೇಕಪಾ, ಭಾಳ ತುಟ್ಟಿ.

ಕನಕಪ್ಪ: ಫೋಟೋಕ್ಕ ಬೆಂಕಿ ಹಚ್ಚರಿ! ಶುಕ್ರವಾರ ಗಜೇಂದ್ರಗಡದಾಗ ಕುಸ್ತೀನ ಆಗಿಲ್ಲ. ತಾಲೂಕಿನ ಮಾಮಲೇದಾರ ಸಾಹೇಬ್ರಿಗೆ ಜ್ವರಾ ಬಂದು ಸೋಮವಾರಕ್ಕ ಹಾಕ್ಯಾರ. ಕುಸ್ತಿ ನಾಳೆ ಐತ್ರಿ, ನಾಳೆ!

ದತ್ತಾತ್ರೇಯ: (ಕನ್ನಡಕ ಒರೆಸುತ್ತ) ಅದು ಮಾಮಲೇದಾರರ ತಪ್ಪು. ನಂದಲ್ಲ.

ಕನಕಪ್ಪ: ಏನ್ ಬರದೀರಿ ಕೇಳ್ರಿ. ‘ಸವಡಿಯ ಕನಕಪ್ಪನು ನರಗುಂದದ ಅರ್ಜುನಪ್ಪನನ್ನು ಮೂರೇ ನಿಮಿಷದಲ್ಲಿ ಚಿತ್ ಮಾಡಿದನು. ಮಾಮಲೇದಾರ ಸಾಹೇಬರು ಆನಂದಬಾಷ್ಪ ಸುರಿಸುತ್ತ ಬೆಳ್ಳಿಯ ಕಡಗ ತೊಡಿಸಿದರು.’ ಎಲ್ಲೈತ್ರೀ ಕಡಗ?

(ಬರಿಗೈಯನ್ನು ಪಂತರ ಮೂಗಿನ ತನಕ ಚಾಚಿದ.)

ದತ್ತಾತ್ರೇಯ: ಕೇಳು ಇಲ್ಲೆ. ನಮ್ಮ ಪೇಪರ್ ಅಚ್ಚಾಗೂದು ಗದಗಿನ್ಯಾಗ. ಬರದದ್ದು ಬುಧವಾರದ ಬಸ್ಸಿಗೆ ಹೋಗಬೇಕು, ಪೇಪರ್ ಶನಿವಾರ ಬರಬೇಕು. ಶುಕ್ರವಾರದ ಕುಸ್ತಿ ಆಗಲಿ ಅಂತ ಕೂತರ ಅದು ಮುಂದಿನ ಶನಿವಾರದ ಮಾತು. ಎಂಟು ದಿನದ್ದು ಸುದ್ದಿ ಅಲ್ಲೋ, ಇತಿಹಾಸ! ಇತಿಹಾಸಕ್ಕ ನಾಕನೇ ಪುಟ. ಅಲ್ಲಿ ಗಜೇಂದ್ರಗಡದ ಕಿಲ್ಲೇದ ಕಥಿ ನಡದದ, ಜಾಗಾ ಇಲ್ಲ.

(ಪಂತರ ಹೆಂಡತಿ ಸರಸ್ವತಿಬಾಯಿ ಚಹಾ ತಂದರು.)

ಸರಸ್ವತಿಬಾಯಿ: ಹೋದ ತಿಂಗಳ ಸಾಲಿ ಗ್ಯಾದರಿಂಗಿನ್ಯಾಗ ನಾ ಹಾಡಿದೆ ಅಂತ ಬರದ್ರಪಾ ಇವರು. ಮಂದಿ ಕಣ್ಣೀರು ಹಾಕಿದ್ರಂತ. ನಾ ಗಂಟಲ ಕಟ್ಟಿ ಮನ್ಯಾಗ ಮಲಗಿದ್ದೆ.

ದತ್ತಾತ್ರೇಯ: ಹಾಡಿದ್ದರ ಹಾಕೇ ಹಾಕತಿದ್ರು!

ಸರಸ್ವತಿಬಾಯಿ: ಹೌದ್ರಿ. ಆ ಗಂಟಲದಾಗ ಹಾಡಿದ್ದರ ಖರೇನ ಹಾಕತಿದ್ರು.

ಕನಕಪ್ಪ: ಬಾಯಾರ, ನೀವರ ಹೇಳ್ರಿ. ಯಾವಗಲ್ಲ ಊರಿನ ಗೋಣೆಪ್ಪನ ಮಗಳು ಮಾಯವ್ವನ್ನ ಲಗ್ನಕ್ಕ ಕೇಳಿದ್ದೆ. ‘ಮಣ್ಣಾಗ ಹೊರಳ್ಯಾಡಾವಗ ಹೆಣ್ಣ ಕೊಡಂಗಿಲ್ಲ, ಒಂದು ಕಡಗರ ಗೆದ್ದು ಬಾ’ ಅಂದಿದ್ದ. ನಿನ್ನೆ ಈ ಪೇಪರ್ ಓದಿಸಿಕೊಂಡು ‘ಹೂಂ, ಕೊಡತೀನಿ’ ಅಂತ ಹೇಳಿ ಕಳಿಸ್ಯಾನ್ರಿ!

ದತ್ತಾತ್ರೇಯ: ಮತ್ತ ಚಲೋನ ಆತಲ್ಲೋ! ಸಕ್ಕರಿ ಹಂಚೂದು ಬಿಟ್ಟು ನನ್ನ ಮುಂದ ಒದರತೀ?

ಕನಕಪ್ಪ: ನಾ ಓಡಿ ಹೋಗಿ ‘ಮಾವಾ, ಕುಸ್ತಿ ಇನ್ನೂ ಆಗಿಲ್ಲ’ ಅಂದ್ನಿರಿ. ‘ನೋಡ್ರಪಾ, ಎಷ್ಟು ವಿನಯ!’ ಅಂತ ಮಂದೀಗೆಲ್ಲ ತೋರಿಸಿದ. ‘ಅಚ್ಚಾದದ್ದು ಎಂದಾದ್ರೂ ಸುಳ್ಳಾಗತೈತೇನು’ ಅಂತಾನ.

ದತ್ತಾತ್ರೇಯ: (ಹಿಗ್ಗಿ) ಅಂಥಾ ಓದುಗರು ಬೇಕು ನೋಡು!

ಕನಕಪ್ಪ: ನಾಳೆ ಗಜೇಂದ್ರಗಡಕ್ಕ ಬಂದು ಮುಂದಿನ ಸಾಲಿನ್ಯಾಗ ಕುಂಡ್ರತಾನಂತ. ‘ಮೊದಲನೇದು ತಪ್ಪಿತು, ಎರಡನೇ ಸಲ ಗೆಲ್ಲೂದನ್ನರ ಕಣ್ಣಲೆ ನೋಡತೀನಿ’ ಅಂತ! ಆ ಅರ್ಜುನಪ್ಪ ಚಕ್ಕಡಿ ಗಾಲಿ ಒಂದ ಕೈಲೆ ಎತ್ತತಾನ್ರಿ. ನಾ ಸೋತರ ಮಾಯವ್ವ ಹ್ವಾದ್ಲು. ಆಕಿ ಇಲ್ದ ನಾ ಇರಂಗಿಲ್ಲ ನೋಡ್ರಿ, ಹೇಳೇನಿ!

(ಇಷ್ಟು ದೊಡ್ಡ ಆಳಿನ ಕಣ್ಣಲ್ಲಿ ನೀರು ಬಂದದ್ದು ಕಂಡು ಸರಸ್ವತಿಬಾಯಿ ಅವನ ಚಹಾಕ್ಕೆ ಇನ್ನಷ್ಟು ಸಕ್ಕರೆ ಹಾಕಿದರು.)

ದತ್ತಾತ್ರೇಯ: ತಿದ್ದುಪಡಿ ಛಾಪಿಸೂದಾದ್ರ ಅದೂ ಮುಂದಿನ ಶನಿವಾರ. ಅದಕ್ಕಿಂತ ನಾಳೆ ನೀನ ಗೆದ್ದುಬಿಡು, ಸುದ್ದಿ ಖರೇ ಆಗತದ. ಮೂರು ನಿಮಿಷದಾಗ ಗೆಲ್ಲಬೇಕು, ಲಕ್ಷ್ಯ ಇರಲಿ.

ಕನಕಪ್ಪ: ನೀವು ಬರದದ್ದಕ್ಕ ನಾ ಮೈ ಮುರಕೋಬೇಕೇನ್ರಿ?

(ಪಡಸಾಲೆ ಕತ್ತಲಾಯಿತು. ಬಾಗಿಲ ತುಂಬ ನಿಂತವನು ನರಗುಂದದ ಅರ್ಜುನಪ್ಪ, ಕೈಯಲ್ಲಿ ಪೇಪರು. ಪಂತರು ಚಹಾದ ಬಸಿ ಕೆಳಗಿಟ್ಟು ಹೆಂಡತಿಯ ಹಿಂದೆ ಸರಿದರು.)

ದತ್ತಾತ್ರೇಯ: ಅರ್ಜುನಪ್ಪಾ, ಸಿಟ್ಟಿಗೇಳಬ್ಯಾಡ! ನಿನ್ನ ಬಗ್ಗೆನೂ ಚಲೋನ ಬರದೀನಿ. ‘ಅರ್ಜುನಪ್ಪನು ಸೋತರೂ ನಗುನಗುತ್ತ ಸೋತನು’ ಅಂತ!

ಅರ್ಜುನಪ್ಪ: ನಾ ಯಾಕ ಸೋಲಲಿರಿ? ನಾ ಗೆದ್ದೇನ್ರಿ! (ಅನ್ನುತ್ತ ಅಳುವ ಹಾಗಾದ.) ಕನಕಪ್ಪಣ್ಣ, ನೀ ಇಲ್ಲಿ ಬಂದೀ ಅಂತ ಸವಡ್ಯಾಗ ಹೇಳಿದ್ರು. ಇದನ್ನ ನೋಡಣ್ಣ.

(ಅದು ನರಗುಂದದ ವಾರಪತ್ರಿಕೆ ‘ನಗಾರಿ’. ಸರಸ್ವತಿಬಾಯಿ ಇಸಿದುಕೊಂಡು ಗಟ್ಟಿಯಾಗಿ ಓದಿದರು: ‘ನರಗುಂದದ ಹುಲಿ ಅರ್ಜುನಪ್ಪನು ಸವಡಿಯ ಕನಕಪ್ಪನನ್ನು ಎರಡೇ ನಿಮಿಷದಲ್ಲಿ ಚಿತ್ ಮಾಡಿದನು.’)

ದತ್ತಾತ್ರೇಯ: (ಹೆಂಡತಿಯ ಹಿಂದಿನಿಂದ ಜಿಗಿದು) ಆ ಸಂಪಾದಕ ರಾಘಣ್ಣ! ಆಗದ ಕುಸ್ತಿ ಛಾಪಿಸ್ಯಾನ! ಮಾನ ಮರ್ಯಾದಿ ಅದ ಏನು ಅವಗ? ಇಂಥಾವರಿಂದನ ಪೇಪರಿನ ಧಂದೆ ಕೆಟ್ಟದ್ದು!

ಸರಸ್ವತಿಬಾಯಿ: ಅವರು ಎರಡ ನಿಮಿಷ ಬರದಾರ್ರಿ. ನಿಮಗಿಂತ ಒಂದು ನಿಮಿಷ ಕಡಿಮಿ ಸುಳ್ಳು.

ದತ್ತಾತ್ರೇಯ: ನಗಬ್ಯಾಡ! ನೂರು ವರ್ಷದ ಮ್ಯಾಲೆ ಇತಿಹಾಸ ಬರಿಯಾವರು ಈ ಎರಡೂ ಪೇಪರ್ ನೋಡಿದ್ರ ಏನಂತ ತಿಳಕೋಬೇಕು?

ಸರಸ್ವತಿಬಾಯಿ: ಎರಡು ಕುಸ್ತಿ ಆಗಿದ್ದವು ಅಂತ ತಿಳಕೋತಾರ, ಬಿಡ್ರಿ.

ಅರ್ಜುನಪ್ಪ: ನಿನ್ನೆ ನಮ್ಮೂರಾಗ ನನ್ನ ಚಕ್ಕಡ್ಯಾಗ ಕುಂಡರಿಸಿ, ಗುಲಾಲ ಹಾರಿಸಿ ಮೆರವಣಿಗಿ ಮಾಡ್ಯಾರಣ್ಣ. ಬ್ಯಾಡ್ರೋ ಅಂದ್ರ ಕೇಳವಲ್ರು. ನಾಳೆ ಸೋತು ಯಾವ ಮುಖಾ ಹೊತ್ತು ಊರಿಗೆ ಹೋಗಲಿ? ನಿನ್ನ ಹೆಸರು ಕೇಳಿದ್ರ ನನಗ ನಿದ್ದಿ ಬರವಲ್ದು.

ಕನಕಪ್ಪ: ನನಗೂ ಬರವಲ್ದು ತಮ್ಮಾ. (ಅವನ ಹೆಗಲ ಮೇಲೆ ಕೈ ಹಾಕಿ, ಸ್ವಲ್ಪ ಯೋಚಿಸಿ) ನಿನ್ನ ಕಾಲು ಹ್ಯಾಂಗೈತಿ?

ಅರ್ಜುನಪ್ಪ: ಚಲೋ ಐತಣ್ಣ.

ಕನಕಪ್ಪ: ಸರಿಯಾಗಿ ನೋಡು. ಉಳುಕಿರಬೇಕು. ನಂದೂ ಉಳುಕೈತಿ.

ಅರ್ಜುನಪ್ಪ: (ಹೊಳೆಯಲು ಕೊಂಚ ಹೊತ್ತು ಹಿಡಿಯಿತು) ಹೌದಣ್ಣ! ಭಾಳ ಉಳುಕೈತಿ! ನಾಳೆ ಏಳಾಕ ಆಗಂಗಿಲ್ಲ!

(ಇಬ್ಬರು ಗೆದ್ದವರೂ ಬರಿಗೈಯಲ್ಲಿ, ಈಗಿನಿಂದಲೇ ಕುಂಟುತ್ತ ಹೊರಟರು. ಪಂತರಿಗೆ ವೈರಾಗ್ಯ ಬಂತು.)

ದತ್ತಾತ್ರೇಯ: ಆಣಿ ಮಾಡಿ ಹೇಳತೀನಿ. ಇನ್ನ ಮ್ಯಾಲೆ ಆಗದ ಸುದ್ದಿ ಒಂದಕ್ಷರ ಛಾಪಿಸೂದಿಲ್ಲ!

ಕನಕಪ್ಪ: (ಬಾಗಿಲಲ್ಲಿ ತಿರುಗಿ ನಿಂತು) ಆ ಆಣಿ ಮುಂದಿನ ವಾರದಿಂದ ಮಾಡ್ರಿ, ಪಂತರ. ಈ ಬುಧವಾರದ ಬಸ್ಸಿಗೆ ಒಂದು ಸುದ್ದಿ ಕಳಿಸಬೇಕು. ‘ಯಾವಗಲ್ಲದ ಗೋಣೆಪ್ಪನ ಮಗಳು ಮಾಯವ್ವನ ಲಗ್ನವು ಸವಡಿಯ ಕನಕಪ್ಪನೊಂದಿಗೆ ಸಂಭ್ರಮದಿಂದ ಜರುಗಿತು.’

ದತ್ತಾತ್ರೇಯ: ಆಗದ ಲಗ್ನಾನೋ? ಗೋಣೆಪ್ಪ ನನ್ನ ಸುಮ್ಮನ ಬಿಟ್ಟಾನೇನು?

ಕನಕಪ್ಪ: ಅಚ್ಚಾದದ್ದನ್ನ ಅಂವ ಸುಳ್ಳ ಅನ್ನಂಗಿಲ್ರಿ! ಶನಿವಾರ ಓದಿಸಿಕೊಂಡ್ರ ರವಿವಾರ ಹಂದರಾ ಹಾಕತಾನ!

(ಪಂತರು ಆಣೆಯನ್ನು ನೆನೆದರು. ಆಮೇಲೆ ಟಾಕು ಎತ್ತಿ ದೌತಿಯಲ್ಲಿ ಅದ್ದಿದರು.)

ಸರಸ್ವತಿಬಾಯಿ: ‘ಬಂದವರಿಗೆಲ್ಲ ಹೋಳಿಗೆಯ ಊಟವಾಯಿತು’ ಅಂತನೂ ಬರೀರಿ. ಗೋಣೆಪ್ಪ ಭಾಳ ಜುಗ್ಗ ಅಂತ ಕೇಳೀನಿ, ತುಪ್ಪಾ ಬರೀಲಿಕ್ಕೆ ಮರೀಬ್ಯಾಡ್ರಿ.